ಗುರುವಾರದ ಆಟದ ಕೋಣೆ

ಚಿತ್ರದುರ್ಗ
12 ಜೂನ್ 2024

ಅತ್ತೆಯವರಿಗೆ ನೇತ್ರಾವತಿಯ ನಮಸ್ಕಾರ.

ಈ ಕಾಗದವನ್ನು ಅಂಗನವಾಡಿಯ ಕಾಳಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮ್ಮ ಫೋನನ್ನು ನಿಮ್ಮ ಮಗ ದಿನಾ ತೆಗೆದು ನೋಡುತ್ತಾರೆ ಎಂಬುದು ನನಗೆ ಗೊತ್ತು. ನನ್ನ ಹಳೆಯ ನಂಬರ್ ಈಗ ಇಲ್ಲ. ಹೊಸದನ್ನು ಆ ಕಡೆಯ ಯಾರಿಗೂ ಕೊಡಬೇಡ ಎಂದು ಇಲ್ಲಿಯ ಮಹಿಳಾ ಸಹಾಯ ಕೇಂದ್ರದವರು ಹೇಳಿದ್ದಾರೆ.

ನಿಮ್ಮಿಂದ ಬೇಕಾಗಿರುವುದು ಎರಡು. ಕೀರ್ತನಾಳ ಆಧಾರ್ ಕಾರ್ಡು ಮತ್ತು ಒಂದನೇ ತರಗತಿಯ ಅಂಕಪಟ್ಟಿ. ಎರಡೂ ಟ್ರಂಕಿನಲ್ಲಿ ನನ್ನ ಮದುವೆ ಸೀರೆಯ ಕೆಳಗಿವೆ. ಸೀರೆ ಬೇಡ. ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಅವಳನ್ನು ಎರಡನೇ ತರಗತಿಗೆ ಕೂರಿಸಿಕೊಂಡಿದ್ದಾರೆ. ದಾಖಲೆ ಈ ತಿಂಗಳೊಳಗೆ ಕೊಡಬೇಕು.

ನಾವು ಜೋಗಿಮಟ್ಟಿ ರಸ್ತೆಯಲ್ಲಿ ಒಂದು ರೂಮಿನಲ್ಲಿದ್ದೇವೆ. ಹಿರಿಯೂರಿಗೆ, ನನ್ನಣ್ಣ ರಂಗೇಶನ ಮನೆಗೆ ಹೋಗಲಿಲ್ಲ. ಹಿಂದೆ ಎರಡು ಸಲ ಹೋದಾಗಲೂ ಅವನು "ಹೊಂದ್ಕಂಡು ಹೋಗವ್ವ" ಎಂದು ಬಸ್ಸು ಹತ್ತಿಸಿದ್ದು ನಿಮಗೂ ನೆನಪಿರಬಹುದು. ಮಣಿಕಟ್ಟಿನ ಪಟ್ಟಿ ಬಿಚ್ಚಿದರು. ಬೆರಳು ಮಡಿಸಲು ಬರುತ್ತದೆ. ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಸಿಕ್ಕಿದೆ.

ಕೀರ್ತನಾ ಮಾತಾಡುವುದಿಲ್ಲ. ಏಪ್ರಿಲ್ ತಿಂಗಳ ಆ ಭಾನುವಾರ ಮಧ್ಯಾಹ್ನದಿಂದ ಇವತ್ತಿನವರೆಗೆ ಒಂದು ಮಾತೂ ಇಲ್ಲ. ಊಟ ಮಾಡುತ್ತಾಳೆ, ಹೇಳಿದ್ದು ಬರೆಯುತ್ತಾಳೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಡಾಕ್ಟರು ಗಂಟಲು, ಕಿವಿ ಎಲ್ಲ ನೋಡಿ ಏನೂ ತೊಂದರೆಯಿಲ್ಲ ಎಂದರು. ಮನೆಯಲ್ಲಿ ಹೊಡೆತ ಬಡಿತ ನೋಡಿದ ಮಕ್ಕಳನ್ನು ಆಟವಾಡಿಸಿ ಸರಿಮಾಡುವ ಒಬ್ಬರು ಮೇಡಂ ಕೇಂದ್ರದಲ್ಲಿದ್ದಾರೆ, ಅನುಪಮಾ ಎಂದು. ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಅವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ಅವತ್ತು ಆಸ್ಪತ್ರೆಯಲ್ಲಿ ಪೊಲೀಸಿನವರು ಕೇಳಿದಾಗ ನೀವು "ಬಚ್ಚಲಾಗೆ ಕಾಲು ಜಾರ್ತು ಸಾರ್" ಎಂದಿರಿ. ನಾನೂ ಅದನ್ನೇ ಹೇಳಿದೆ. ಮೂರನೇ ದಿನ ನಾನು ನಿಜ ಹೇಳಿದೆ. ನೀವು ಬಚ್ಚಲಿನ ಮಾತಿನಲ್ಲೇ ಉಳಿದಿರಿ. ಅದನ್ನು ಬರೆಯಬೇಕೆಂದು ಈ ಕಾಗದ ಶುರು ಮಾಡಲಿಲ್ಲ. ಬರೆದಾಯಿತು, ಇರಲಿ.

ಕಾರ್ಡು ಕಳಿಸಿ.

ನೇತ್ರಾವತಿ


ಹಟ್ಟಿ, ಹೊಳಲ್ಕೆರೆ ತಾಲ್ಲೂಕು
24 ಜೂನ್ 2024

ನೇತ್ರಾವತಿಗೆ ಗಂಗಕ್ಕನ ಆಶೀರ್ವಾದ.

ಕಾರ್ಡು, ಅಂಕಪಟ್ಟಿ ಎರಡನ್ನೂ ಇದರೊಳಗೆ ಇಟ್ಟಿದ್ದೇನೆ. ಸೀರೆ ಮುಟ್ಟಲಿಲ್ಲ. ನಾನು ಹೊರಕೆರೆದೇವಪುರದ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಆಮೇಲೆ ಪೆನ್ನು ಹಿಡಿದದ್ದು ಸಹಿ ಮಾಡಲು ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದು.

ಹರೀಶ ಟಿಪ್ಪರ್ ತೆಗೆದುಕೊಂಡು ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ಹೊಸದುರ್ಗದ ಕಡೆ ಜಲ್ಲಿ ಹೊಡೆಯುವ ಕೆಲಸ. "ಎಲ್ಲವ್ರೆ ಅವ್ರು?" ಎಂದು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತೇನೆ. ಬಡಿಸಿದ್ದನ್ನು ಉಂಡು ಮಲಗುತ್ತಾನೆ. ಮನೆಯಲ್ಲಿ ಈಗ ಸದ್ದಿಲ್ಲ. ಎರಡು ಕುರಿ ಮರಿ ಹಾಕಿವೆ. ಒಂದಕ್ಕೆ ತಾಯಿ ಹಾಲು ಕೊಡುವುದಿಲ್ಲ, ನಾನೇ ಬಾಟಲಿಯಲ್ಲಿ ಕುಡಿಸುತ್ತಿದ್ದೇನೆ.

ಮಗು ನನ್ನನ್ನು ಕೇಳುತ್ತದೆಯಾ? ಮಾತಾಡುವುದಿಲ್ಲ ಎಂದು ನೀನೇ ಬರೆದಿದ್ದೀಯ. ಆದರೂ ಕೇಳಿದೆ.

ಮಾತು ನಿಂತ ಮಗುವಿಗೆ ಆಟ ಆಡಿಸಿದರೆ ಏನಾಗುತ್ತದೆ? ಆಟ ಇಲ್ಲೂ ಆಡುತ್ತಿದ್ದಳಲ್ಲ. ಹೆದರಿಕೆಗೆ ತಾಯತ ಕಟ್ಟುವವರು ಇಲ್ಲೇ ಇದ್ದಾರೆ. ನೀನು ಹ್ಞೂ ಅಂದರೆ ಮಾಡಿಸಿ ಕಳಿಸುತ್ತೇನೆ. ಬೇಡವೆಂದರೆ ಬೇಡ.

ಇತಿ
ಗಂಗಕ್ಕ


ಚಿತ್ರದುರ್ಗ
18 ಜುಲೈ 2024

ಅತ್ತೆಯವರಿಗೆ,

ಕಾರ್ಡು ತಲುಪಿತು. ಶಾಲೆಯಲ್ಲಿ ಹೆಸರು ಏರಿದೆ. ತಾಯತ ಬೇಡ.

ಆಟ ಆಡಿಸಿದರೆ ಏನಾಗುತ್ತದೆ ಎಂದು ಕೇಳಿದ್ದಿರಿ. ನನಗೂ ಅದೇ ಅನುಮಾನ. ನೋಡಿದ್ದನ್ನು ಬರೆಯುತ್ತೇನೆ.

ಅದು ಒಂದು ಸಾಧಾರಣ ಕೋಣೆ. ನೆಲಕ್ಕೆ ಚಾಪೆ. ಗೋಡೆಯ ಹಲಗೆಯ ಮೇಲೆ ಬೊಂಬೆಗಳು, ಪುಟ್ಟ ಪಾತ್ರೆಗಳು, ಪ್ಲಾಸ್ಟಿಕ್ ದನ ಕುರಿ, ಜೇಡಿಮಣ್ಣು, ಬಣ್ಣ. ಕಿಟಕಿಯ ಕೆಳಗೆ ಒಂದು ಅಗಲವಾದ ಮರದ ತಟ್ಟೆಯ ತುಂಬ ಮರಳು. ಅನುಪಮಾ ಮೇಡಂಗೆ ಮೂವತ್ತರ ಆಸುಪಾಸು. ಹಿರಿಯೂರಿನವರು, ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರಂತೆ. ಕುರ್ಚಿಯಲ್ಲಿ ಕೂರುವುದಿಲ್ಲ, ಚಾಪೆಯ ಮೇಲೇ ಕೂರುತ್ತಾರೆ.

ಮೊದಲ ದಿನ ಅವಳಿಗೆ ಹೇಳಿದ್ದು ಇಷ್ಟೇ: "ಕೀರ್ತನಾ, ಇಲ್ಲಿ ನಿನಗೆ ಹೆಂಗೆ ಬೇಕೋ ಹಂಗೆ ಆಡ್ಬೋದು. ಆಡ್ದೇನೂ ಇರ್ಬೋದು. ನಿನ್ನ ನೋಯಿಸಂಗಿಲ್ಲ, ನನ್ನ ನೋಯಿಸಂಗಿಲ್ಲ. ಅದೊಂದೇ ರೂಲ್ಸು." ಆಮೇಲೆ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆದರೆ ಅವಳು ಒಳಗೆ ಹೋದಾಗ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಎರಡನೇ ವಾರವೂ ಹಾಗೆಯೇ. ಮೂರನೇ ವಾರ ಪಾತ್ರೆ ತೊಳೆದಳಂತೆ. ನೀರಿಲ್ಲದೆ. ಅದೇ ನಾಲ್ಕು ಪಾತ್ರೆಗಳನ್ನು ಮತ್ತೆ ಮತ್ತೆ. ಇವತ್ತೂ ಅದನ್ನೇ ಮಾಡಿದಳು.

ನಾನು ಸಿಟ್ಟಿನಿಂದಲೇ ಕೇಳಿದೆ, "ಏನಾಯ್ತು ಅಂತ ನೀವು ಅವಳನ್ನ ಕೇಳೋದೇ ಇಲ್ವಾ ಮೇಡಂ?"

"ಇಲ್ಲಮ್ಮ. ಕೇಳೋರು ಅವಳಿಗೆ ಬಾಳ ಜನ ಸಿಕ್ಕವ್ರೆ. ಪೊಲೀಸು, ಡಾಕ್ಟರು, ಟೀಚರು. ಇಲ್ಲಿ ಅವಳು ಮಾಡೋದನ್ನ ನಾನು ನೋಡ್ತೀನಿ. ನೋಡ್ತಿದ್ದೀನಿ ಅಂತ ಅವಳಿಗೆ ಗೊತ್ತಾದ್ರೆ ಈಗ ಸಾಕು."

ಆಮೇಲೆ ನನ್ನನ್ನು ಆ ಭಾನುವಾರದ ಬಗ್ಗೆ ಕೇಳಿದರು. ಹೇಳಿದೆ. ಮಗು ಹೊಲಿಗೆ ಮಿಷನ್ನಿನ ಕೆಳಗೆ ಕೂತಿದ್ದಳು, ಅಡುಗೆ ಆಗಿತ್ತು, ಮುದ್ದೆ ಕೋಲು ನಿಮ್ಮ ಮಗನ ಕೈಗೆ ಸಿಕ್ಕಿತು ಎಂದೆಲ್ಲ. ಪಕ್ಕದ ಮನೆಯ ವಿಷಯ ಹೇಳಿದ ಹಾಗೆ ಹೇಳಿ ಮುಗಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. "ಈಗ ನಿಮಗೆ ಹೆಂಗನ್ನಿಸ್ತೈತೆ?" ಎಂದರು. ಅಂಗಡಿಗೆ ಹೊತ್ತಾಯಿತು ಎಂದೆ. ನನಗೆ ಅನ್ನಿಸುತ್ತಿದ್ದದ್ದೂ ಅಷ್ಟೇ.

ನೇತ್ರಾವತಿ


ಹಟ್ಟಿ
5 ಆಗಸ್ಟ್ 2024

ನೇತ್ರಾವತಿಗೆ,

ನಿನ್ನ ಕಾಗದವನ್ನು ಕಾಳಕ್ಕನ ಮನೆಯಲ್ಲೇ ಕೂತು ಓದಿದೆ. ಅವಳು ಟೀ ಕೊಟ್ಟು ಒಳಗೆ ಹೋದಳು. ಓದಿ ಅಲ್ಲೇ ಇಟ್ಟು ಬಂದೆ. ಮನೆಗೆ ತರುವುದಿಲ್ಲ.

ನೀರಿಲ್ಲದೆ ಪಾತ್ರೆ ತೊಳೆಯುವ ಸಂಗತಿ ನನ್ನ ತಲೆಯಲ್ಲೇ ಉಳಿಯಿತು. ನನಗೆ ಹಳೆಯದೊಂದು ಹೇಳಬೇಕೆನಿಸಿದೆ. ಯಾರಿಗೂ ಹೇಳಿಲ್ಲ.

ನಿನ್ನ ಮಾವ ಯತ್ತಪ್ಪನನ್ನು ನೀನು ನೋಡಿದ್ದು ಕಾಯಿಲೆ ಬಿದ್ದ ಮೇಲೆ. ಅದಕ್ಕೆ ಮುಂಚೆ ಆತ ಬೇರೆಯೇ ಇದ್ದ. ಕುರಿ ಕಾಯುವ ಕೋಲು ಮನೆಯೊಳಗೂ ಕೈಯಲ್ಲೇ ಇರುತ್ತಿತ್ತು. ಹರೀಶನಿಗೆ ಆಗ ಏಳೋ ಎಂಟೋ. ಅಪ್ಪನ ದನಿ ಏರಿದ ಕೂಡಲೇ ಎದ್ದು ಕುರಿ ರೊಪ್ಪಕ್ಕೆ ಹೋಗಿ ಮರಿಗಳ ನಡುವೆ ಕೂತುಬಿಡುತ್ತಿದ್ದ. ಎಲ್ಲ ಮುಗಿದ ಮೇಲೆ ನಾನೇ ಹೋಗಿ ಕರೆತರುತ್ತಿದ್ದೆ. "ಏನಾತವ್ವಾ?" ಎನ್ನುತ್ತಿದ್ದ. "ಏನಾಗಿಲ್ಲ ಬಾರಪ್ಪ, ಉಣ್ಣು ಬಾ" ಎನ್ನುತ್ತಿದ್ದೆ. ಪ್ರತಿ ಸಲವೂ ಅದೇ ಮಾತು. ಹದಿನೈದು ತುಂಬಿದಾಗ ಒಂದು ದಿನ ಅಪ್ಪನ ಕೈಯಲ್ಲಿದ್ದ ಕೋಲನ್ನು ಹಿಡಿದು ನಿಲ್ಲಿಸಿದ. ನನ್ನ ಮಗ ನನಗೆ ದಿಕ್ಕಾದ ಎಂದುಕೊಂಡೆ.

ನಿಮ್ಮ ಮದುವೆಯಾಗಿ ಆರನೇ ತಿಂಗಳಿನಲ್ಲಿ ನಡುಮನೆಯಿಂದ ಅದೇ ಸದ್ದು ಬಂತು. ನಾನು ಒಲೆಯ ಮುಂದೆ ಇದ್ದೆ. ಎದ್ದು ಬರಲಿಲ್ಲ. ಒಲೆಗೆ ಇನ್ನೊಂದು ಸೌದೆ ಇಟ್ಟೆ.

ಅವನಿಗೆ ಆಗ ಅಂಥ ಕೋಣೆ ಒಂದಿದ್ದಿದ್ದರೆ ಎಂದು ಮೊನ್ನೆಯಿಂದ ಅನಿಸುತ್ತಿದೆ. ಅವನ ಪರವಾಗಿ ಹೇಳುತ್ತಿಲ್ಲ. ಅನಿಸಿತು, ಬರೆದೆ.

ಹೊಳಲ್ಕೆರೆಯ ವಕೀಲರು ಮರುಳಸಿದ್ದಪ್ಪನವರು ಬಂದಿದ್ದರು. ಮಗಳನ್ನು ವಾರಕ್ಕೆ ಎರಡು ದಿನ ಇಲ್ಲಿಗೆ ಕಳಿಸಬೇಕು ಎಂದು ಹರೀಶ ಅರ್ಜಿ ಹಾಕಿಸಿದ್ದಾನೆ. "ಅಜ್ಜಿ ಅವ್ರೆ, ಮಗುನ ಅವ್ರೇ ನೋಡ್ಕಂತಾರೆ ಅಂತ ಕೋರ್ಟಿಗೆ ಹೇಳ್ತೀವಿ. ನೀವು ಒಂದು ಮಾತು ಹೇಳಿದ್ರೆ ಆತು ಗಂಗಕ್ಕ" ಎಂದರು. ನಾನು ಅವರಿಗೆ ಮಜ್ಜಿಗೆ ಕೊಟ್ಟೆ.

ಇತಿ
ಗಂಗಕ್ಕ


ಚಿತ್ರದುರ್ಗ
12 ಸೆಪ್ಟೆಂಬರ್ 2024

ಅತ್ತೆಯವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ನಿಮ್ಮ ಮಗನ ಏಳನೇ ವರ್ಷದ ಸಂಗತಿ ಓದಿದೆ. ಸುಳ್ಳು ಎಂದು ಹೇಳುವುದಿಲ್ಲ. ಅದನ್ನು ಇಟ್ಟುಕೊಳ್ಳಲು ನನ್ನ ಹತ್ತಿರ ಈಗ ಜಾಗವಿಲ್ಲ.

ಅರ್ಜಿಯ ನೋಟಿಸು ಕೇಂದ್ರದ ವಿಳಾಸಕ್ಕೆ ನನಗೂ ಬಂದಿದೆ.

ಇವತ್ತಿನದನ್ನು ಬರೆಯಬೇಕೋ ಬೇಡವೋ ಎಂದು ಸಂಜೆಯಿಂದ ಯೋಚಿಸಿದೆ. ಬರೆಯುತ್ತಿದ್ದೇನೆ.

ಇವತ್ತು ಬಾಗಿಲು ಹಾಕುವಾಗ ಕೀರ್ತನಾ ನನ್ನ ಸೆರಗು ಹಿಡಿದು ಒಳಗೆ ಎಳೆದಳು. "ಅಮ್ಮನೂ ಇರ್ಲಿ ಅಂತಿದ್ದೀಯ. ಆಗ್ಲಿ" ಎಂದು ಮೇಡಂ ಮೂಲೆಯಲ್ಲಿ ಜಾಗ ತೋರಿಸಿದರು. ಮಾತಾಡಬಾರದು, ಸರಿಯೆನ್ನಬಾರದು, ತಪ್ಪೆನ್ನಬಾರದು ಎಂದು ನನಗೆ ಮೊದಲೇ ಹೇಳಿದ್ದರು.

ಅವಳು ಒಂದು ಮನೆ ಕಟ್ಟಿದಳು. ಚಪ್ಪಟೆ ಇಟ್ಟಿಗೆಗಳಿಂದ ನಾಲ್ಕು ಗೋಡೆ. ಗಂಡಸಿನ ಬೊಂಬೆಯನ್ನು ಒಂದು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ತೆಗೆದಳು, ಮತ್ತೆ ಒತ್ತಿದಳು. ಹೆಂಗಸಿನ ಬೊಂಬೆಯನ್ನು ನೆಲದ ಮೇಲೆ ಬೋರಲು ಮಲಗಿಸಿದಳು. ಚಿಕ್ಕ ಹುಡುಗಿ ಬೊಂಬೆಯನ್ನು ಎತ್ತಿಕೊಂಡು ಎಲ್ಲೂ ಇಡದೆ ಕೈಯಲ್ಲೇ ಹಿಡಿದುಕೊಂಡಳು. ಬಿಳಿ ಕೂದಲಿನ ಮುದುಕಿ ಬೊಂಬೆಯೊಂದಿದೆ. ಅದನ್ನು ಗೋಡೆಯ ಆಚೆ, ಬೆನ್ನು ಇತ್ತ ಮಾಡಿ ಕೂರಿಸಿದಳು.

ಮೇಡಂ ಮೆಲ್ಲಗೆ ಹೇಳಿದರು, "ಈ ಅಜ್ಜಿ ಆ ಕಡೆ ತಿರುಗಿ ಕುಂತವ್ಳೆ."

"ಅಜ್ಜಿಗೆ ಕೇಳ್ಸಲ್ಲ."

ಕೀರ್ತನಾ ಹೇಳಿದ್ದು. ದನಿ ಸ್ವಲ್ಪ ಒಡಕಾಗಿತ್ತು. ಐದು ತಿಂಗಳು ಬಳಸದೆ ಇದ್ದದ್ದಲ್ಲವೆ. ಮೇಡಂ ಚಪ್ಪಾಳೆ ತಟ್ಟಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದೇ ದನಿಯಲ್ಲಿ, "ಅಜ್ಜಿಗೆ ಕೇಳ್ಸಲ್ಲ" ಎಂದರು.

ಕೀರ್ತನಾ ಮುದುಕಿ ಬೊಂಬೆಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಸರಿಸಿದಳು. "ಕೇಳ್ಸುತ್ತೆ. ಆದ್ರೆ ಕೇಳ್ಸಲ್ಲ" ಎಂದಳು. ಆಮೇಲೆ ಪಾತ್ರೆ ತೊಳೆಯಲು ಹೋದಳು.

ಅವಳು ಮತ್ತೆ ಮಾತಾಡಿದ ದಿನ ಏನೇನೋ ಆಗುತ್ತದೆ, ನಾನು ಬಿದ್ದು ಅಳುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ದಾರಿಯಲ್ಲಿ ಅರ್ಧ ಲೀಟರ್ ಹಾಲು ತೆಗೆದುಕೊಂಡೆವು. ಅನ್ನಕ್ಕಿಟ್ಟೆ.

ನಿಮಗೆ ನೋವಾಗಲಿ ಎಂದು ಇದನ್ನು ಬರೆದಿಲ್ಲ. ನೋವಾಗದಿರಲಿ ಎಂದೂ ಬರೆದಿಲ್ಲ. ಅವಳ ಮೊದಲ ಮಾತು ನಿಮ್ಮದಾಗಿತ್ತು, ಅದಕ್ಕೆ ತಲುಪಿಸುತ್ತಿದ್ದೇನೆ.

ನೇತ್ರಾವತಿ


ಹಟ್ಟಿ
20 ನವೆಂಬರ್ 2024

ನೇತ್ರಾವತಿಗೆ,

ಎರಡು ತಿಂಗಳಿಂದ ಬರೆಯಲಿಲ್ಲ. ಕುರಿಗಳಿಗೆ ಕಾಲುಬಾಯಿ ಬೇನೆ ಬಂದಿತ್ತು. ಬಾಟಲಿ ಹಾಲು ಕುಡಿಸಿದ ಮರಿ ಹೋಯಿತು. ಮಿಕ್ಕವು ಚೇತರಿಸಿಕೊಂಡವು. ಕಡಲೆ ಬಿತ್ತಿದೆವು. ಕಾಳಕ್ಕನ ಮಗಳಿಗೆ ಗಂಡು ಗೊತ್ತಾಗಿದೆ.

ಇದೆಲ್ಲ ಕಾರಣವಲ್ಲ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಕಾಳಕ್ಕನ ಮನೆಗೆ ಹೋಗಿ ಅದನ್ನು ಕೇಳಲಾಗದೆ ಹಾಗೇ ಬಂದೆ.

ಹೋದ ವಾರ ಹರೀಶ ನನ್ನನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋದ. ವಕೀಲರು ಟೈಪು ಮಾಡಿಟ್ಟಿದ್ದ ಕಾಗದವನ್ನು ಓದಿದರು. ಸೊಸೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಳು, ನನ್ನ ಮಗ ಯಾವತ್ತೂ ಕೈ ಮಾಡಿದವನಲ್ಲ, ಸೊಸೆಗೆ ಮಗುವಿನ ಮೇಲೆ ಗಮನವಿಲ್ಲ, ಮೊಮ್ಮಗಳನ್ನು ನಾನೇ ಸಾಕಿದವಳು ಎಂದು ಅದರಲ್ಲಿತ್ತು. "ಸರಿಯೈತಾ ಗಂಗಕ್ಕ?" ಎಂದರು. ಹರೀಶ ಪಕ್ಕದಲ್ಲಿ ಕೂತಿದ್ದ. ಅವನ ಕಾಲು ನಡುಗುತ್ತಿತ್ತು. ಚಿಕ್ಕವನಿದ್ದಾಗ ಪರೀಕ್ಷೆಯ ದಿನ ಹೀಗೆಯೇ ನಡುಗುತ್ತಿತ್ತು.

ಸಹಿ ಮಾಡಿದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ವಕೀಲರು ಹೇಳಿದರು.

ಬರುವಾಗ ಹರೀಶ ಹೋಟೆಲಿನಲ್ಲಿ ದೋಸೆ ಕೊಡಿಸಿದ. "ಅವ್ವಾ, ನೀನಿಲ್ದಿದ್ರೆ ನಂಗ್ಯಾರವ್ರೆ" ಎಂದ. ತಿಂದೆ.

ಇದನ್ನು ಬೇರೆಯವರಿಂದ ನೀನು ಕೇಳುವುದಕ್ಕಿಂತ ನಾನೇ ಬರೆಯುವುದು ಸರಿ ಎನಿಸಿತು. ನೀನು ಇನ್ನು ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಗಂಗಕ್ಕ


ಚಿತ್ರದುರ್ಗ
3 ಡಿಸೆಂಬರ್ 2024

ಅತ್ತೆಯವರಿಗೆ,

ನೀವು ಸಹಿ ಮಾಡಿದ್ದರ ನಕಲು ನಮ್ಮ ಲಾಯರ್ ಮೇಡಂ ಕೈಯಲ್ಲಿ ನೋಡಿದೆ. ಪೂರ್ತಿ ಓದಿದೆ. ಮಗುವಿನ ಮೇಲೆ ಗಮನವಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ.

ಇದೇ ಹತ್ತೊಂಬತ್ತಕ್ಕೆ ಇಲ್ಲಿಯ ಕೋರ್ಟಿನಲ್ಲಿ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ನಾನು ಬರುವುದಿಲ್ಲ. ಬರಲೇಬೇಕೆಂದಿಲ್ಲ ಎಂದು ಲಾಯರ್ ಹೇಳಿದ್ದಾರೆ. ಅವತ್ತು ಗುರುವಾರ. ನಿಮ್ಮ ಮಗನನ್ನು ನೋಡಿದ ಮೇಲೆ ನನ್ನ ಮುಖ ಹೇಗಾಗುತ್ತದೋ, ಅದೇ ಮುಖ ಇಟ್ಟುಕೊಂಡು ಸಂಜೆ ಅವಳನ್ನು ಆಟಕ್ಕೆ ಕರೆದುಕೊಂಡು ಹೋಗಬೇಕು. ಅದು ಬೇಡ.

ಅವಳು ಈಗ ದಿನಕ್ಕೆ ಹತ್ತಿಪ್ಪತ್ತು ಮಾತಾಡುತ್ತಾಳೆ. ಶಾಲೆಯಲ್ಲಿ ಪಲ್ಲವಿ ಎಂಬ ಹುಡುಗಿಯ ಜೊತೆ ಮಾತ್ರ. ವಾರಕ್ಕೆ ಎರಡು ದಿನ ಹಾಸಿಗೆ ಒಣಗಿರುತ್ತದೆ. ಹೋದ ವಾರ ಬೊಂಬೆಗಳನ್ನೆಲ್ಲ ಮರಳಿನಲ್ಲಿ ಹೂತು, ಹೊರಡುವಾಗ ಹಾಗೇ ಬಿಟ್ಟು ಬಂದಳು. ಅವಳು ಬರುವವರೆಗೆ ಯಾರೂ ತೆಗೆಯುವುದಿಲ್ಲ ಎಂದು ಮೇಡಂ ಮಾತು ಕೊಟ್ಟರು.

ಅಪ್ಪನ ಮನೆಗೆ ಎರಡು ದಿನ ಹೋಗಬೇಕಾಗಬಹುದು ಎಂಬುದನ್ನು ಅವಳಿಗೆ ಹೇಗೆ ಹೇಳುವುದು ಎಂದು ಮೇಡಂ ಹತ್ತಿರ ಕೇಳಿದೆ. ಯೋಚಿಸಿ ಮುಂದಿನ ಗುರುವಾರ ಹೇಳುತ್ತೇನೆ ಎಂದರು.

ನಿಮ್ಮನ್ನು ಏನೂ ಬೇಡಿಕೊಳ್ಳುತ್ತಿಲ್ಲ.

ನೇತ್ರಾವತಿ


ಹಟ್ಟಿ
21 ಡಿಸೆಂಬರ್ 2024

ನೇತ್ರಾವತಿಗೆ,

ನಿಮ್ಮ ಲಾಯರ್ ಹೇಳಿರಬಹುದು. ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ.

ಹರೀಶನೂ ನಾನೂ ಬೆಳಗಿನ ಬಸ್ಸಿಗೆ ಬಂದೆವು. ಹನ್ನೆರಡರ ಹೊತ್ತಿಗೆ ನನ್ನ ಹೆಸರು ಕೂಗಿದರು. ಕಟಕಟೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸಿದರು. ಮರುಳಸಿದ್ದಪ್ಪನವರು ಆ ಕಾಗದ ತೋರಿಸಿ ಸಹಿ ನಿಮ್ಮದೇನಾ ಎಂದರು. ನನ್ನದೇ ಎಂದೆ. ಅವರು ಕೂತರು. ನಿನ್ನ ಲಾಯರ್ ಎದ್ದು ನಿಂತರು. ಇಷ್ಟು ಚಿಕ್ಕ ವಯಸ್ಸಿನವರು ಎಂದು ನನಗೆ ಗೊತ್ತಿರಲಿಲ್ಲ.

"ಗಂಗಕ್ಕನವರೇ, ಆ ಭಾನುವಾರ ಮಧ್ಯಾಹ್ನ ನೀವು ಎಲ್ಲಿದ್ರಿ?"

"ಅಡಿಗೆ ಮನ್ಯಾಗಿದ್ದೆ."

"ನಿಮ್ಮ ಸೊಸೆ ಬಚ್ಚಲಲ್ಲಿ ಬಿದ್ದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ಹ್ಞೂ ಎನ್ನಬೇಕೆಂದು ಹೇಳಿಕೊಟ್ಟಿದ್ದರು. ಬಾಯಿ ತೆರೆದೆ. "ಆಕೆ ಬಚ್ಚಲಿಗೆ ಹೋಗೇ ಇರ್ಲಿಲ್ಲ" ಎಂದುಬಿಟ್ಟೆ. ಧೈರ್ಯ ಬಂತು ಎಂದು ತಿಳಿಯಬೇಡ. ಸುಸ್ತಾಗಿತ್ತು. ಹೊತ್ತದ್ದನ್ನು ಕೈಬಿಟ್ಟ ಹಾಗಾಯಿತು.

ಮರುಳಸಿದ್ದಪ್ಪನವರು ಎದ್ದು ಏನೋ ಅಂದರು. ನ್ಯಾಯಾಧೀಶರು ಅವರನ್ನು ಕೂರಿಸಿ, "ನಿಧಾನಕ್ಕೆ ಹೇಳಿ ಅಮ್ಮ" ಎಂದರು. ಹೇಳಿದೆ. ಹರೀಶ ಮುದ್ದೆ ಕೋಲಿನಿಂದ ನಿನ್ನ ಕೈಗೆ ಹೊಡೆದದ್ದು, ಎರಡನೇ ಏಟಿಗೆ ಮೂಳೆ ಮುರಿದ ಸದ್ದು ಒಲೆಯ ಹತ್ತಿರಕ್ಕೂ ಕೇಳಿದ್ದು, ಮಗು ಮಿಷನ್ನಿನ ಕೆಳಗಿದ್ದದ್ದು. ಬೇರೆ ದಿನಗಳದ್ದನ್ನು ಹೇಳಲಿಲ್ಲ. ಅವರು ಕೇಳಿದ್ದು ಆ ಭಾನುವಾರದ್ದು.

"ಮತ್ತೆ ಈ ಕಾಗದಕ್ಕೆ ಯಾಕೆ ಸಹಿ ಮಾಡಿದ್ರಿ?" ಎಂದು ನ್ಯಾಯಾಧೀಶರೇ ಕೇಳಿದರು.

"ಮಗ ಸ್ವಾಮಿ" ಎಂದೆ. ಇನ್ನೇನು ಹೇಳಲಿ.

ಹೊರಗೆ ಬಂದಾಗ ಹರೀಶ ಹುಣಸೆ ಮರದ ಕೆಳಗೆ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ಅಪ್ಪಂದು ಯಾರಿಗೂ ಹೇಳ್ಲಿಲ್ಲ ನೀನು. ನಂದು ಹೇಳ್ಬಿಟ್ಟೆ" ಎಂದ. ಬಸ್ಸಿಗೆ ಬರಲಿಲ್ಲ. ಮಾರನೆಯ ದಿನ ಬಟ್ಟೆ ತೆಗೆದುಕೊಂಡು ಹೊಸದುರ್ಗಕ್ಕೆ ಹೋದ. ಅಲ್ಲಿ ಡ್ರೈವರುಗಳ ಶೆಡ್ಡಿನಲ್ಲಿ ಇರುತ್ತಾನಂತೆ.

ಅವನು ಹೇಳಿದ್ದು ನಿಜ.

ಹಟ್ಟಿಯವರು ಕೆಲವರು ಮಾತು ಬಿಟ್ಟಿದ್ದಾರೆ. ಕಾಳಕ್ಕ ಬಿಟ್ಟಿಲ್ಲ.

ಒಂದು ಕೇಳಲಾ. ಮಗುವನ್ನು ಒಂದು ಸಲ ನೋಡಬಹುದಾ? ದೂರದಿಂದ ಆದರೂ ಸರಿ. ಇಲ್ಲವೆಂದರೂ ಸರಿ.

ಗಂಗಕ್ಕ


ಚಿತ್ರದುರ್ಗ
30 ಜನವರಿ 2025

ಅತ್ತೆಯವರಿಗೆ,

ಆದೇಶವಾಯಿತು. ಮಗುವನ್ನು ಕಳಿಸಬೇಕಾಗಿಲ್ಲ. ಅಪ್ಪ ನೋಡಲೇಬೇಕೆಂದರೆ ತಿಂಗಳಿಗೊಮ್ಮೆ, ಕೇಂದ್ರದಲ್ಲೇ, ಅನುಪಮಾ ಮೇಡಂ ಎದುರಿಗೆ, ಅದೂ ಮಗು ಒಪ್ಪಿದರೆ. ಅವರು ಇನ್ನೂ ಒಮ್ಮೆಯೂ ಕೇಳಿಲ್ಲ.

ನೀವು ಹೇಳಿದ್ದರಿಂದಲೇ ಹೀಗಾಯಿತು ಎಂದು ಲಾಯರ್ ಹೇಳಿದರು. ನಿಮಗೆ ಥ್ಯಾಂಕ್ಸ್ ಬರೆಯಬೇಕು ಎಂದು ಹದಿನೈದು ದಿನದಿಂದ ಕೂರುತ್ತಿದ್ದೇನೆ. ಎಂಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ಆ ಪದ ಕೈಗೆ ಬರುತ್ತಿಲ್ಲ. ನೀವು ಮಾಡಿದ್ದು ದೊಡ್ಡದು ಎಂದು ನನಗೆ ಗೊತ್ತಿದೆ. ಗೊತ್ತಿರುವುದಷ್ಟೇ ಈಗ ಇರುವುದು.

ಈಗ ನಾನೂ ಮಂಗಳವಾರ ಒಬ್ಬರ ಹತ್ತಿರ ಹೋಗುತ್ತಿದ್ದೇನೆ. ನನಗೆ ಬೊಂಬೆ ಕೊಡುವುದಿಲ್ಲ. ಕೂತು ಮಾತಾಡಬೇಕು. ಹೆಚ್ಚಿನ ಹೊತ್ತು ಫ್ಯಾನಿನ ಸದ್ದು ಕೇಳುತ್ತಾ ಕೂತಿರುತ್ತೇನೆ.

ಮಗುವನ್ನು ನೋಡುವ ವಿಷಯ ಮೇಡಂಗೆ ಹೇಳಿದೆ. "ಅಜ್ಜಿಗೆ ನಿನ್ನ ನೋಡ್ಬೇಕಂತೆ. ನೀನು ಹೆಂಗಂದ್ರೆ ಹಂಗೆ" ಎಂದು ಅವರು ಅವಳಿಗೇ ಹೇಳಿದರು. ಮೂರು ವಾರ ಉತ್ತರ ಇರಲಿಲ್ಲ. ಇವತ್ತು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಳು, "ಬರ್ಲಿ. ಈ ಕೋಣೆಗೇ ಬರ್ಬೇಕು. ನಾನು ಕೇಳೋತನ್ಕ ಮಾತಾಡಂಗಿಲ್ಲ."

ಮಾರ್ಚ್ ಆರನೇ ತಾರೀಖು, ನಾಲ್ಕೂವರೆಗೆ ಬನ್ನಿ. ತಿಂಡಿ, ಬಟ್ಟೆ, ಬೊಂಬೆ ಏನೂ ತರಬೇಡಿ. ಎತ್ತಿಕೊಳ್ಳಬೇಡಿ. ಅವಳ ಮುಂದೆ ಅಳಬೇಡಿ. ಅತ್ತರೆ ಸಮಾಧಾನ ಮಾಡುವ ಕೆಲಸ ಅವಳ ತಲೆಗೆ ಬೀಳುತ್ತದೆ ಎಂದು ಮೇಡಂ ಹೇಳಿದ್ದಾರೆ.

ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ.

ನೇತ್ರಾವತಿ


ಹಟ್ಟಿ
7 ಮಾರ್ಚ್ 2025

ನೇತ್ರಾವತಿಗೆ,

ನಿನ್ನೆ ಹೊರಗೆ ಬಂದ ಮೇಲೆ ನೀನು ಏನೂ ಕೇಳಲಿಲ್ಲ. ನನಗೂ ಬಸ್ಸಿನ ಹೊತ್ತಾಗಿತ್ತು. ಒಳಗೆ ಏನಾಯಿತು ಎಂದು ನಿನಗೆ ಗೊತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಚಾಪೆಯ ತುದಿಯಲ್ಲಿ ಕೂತೆ. ಮಗು ಎತ್ತರವಾಗಿದ್ದಾಳೆ. ಕೂದಲು ಕತ್ತರಿಸಿದ್ದೀಯ. ನನ್ನ ಕಡೆ ನೋಡಲಿಲ್ಲ. ಮೇಡಂ "ಅಜ್ಜಿ ಬಂದವ್ರೆ" ಎಂದರು. ಬಹಳ ಹೊತ್ತು ಅವಳು ಒಂದು ಕಾಗದಕ್ಕೆ ನೀಲಿ ಬಣ್ಣ ಬಳಿಯುತ್ತಿದ್ದಳು. ಎಲ್ಲ ನೀಲಿ, ಬಿಳಿ ಎಲ್ಲೂ ಉಳಿಯದ ಹಾಗೆ. ನಾನು ಮಾತಾಡಲಿಲ್ಲ. ಮಾತಾಡದೆ ಇರುವುದು ನನಗೆ ಕಷ್ಟವಲ್ಲ.

ಅರ್ಧ ಹೊತ್ತು ಕಳೆದ ಮೇಲೆ ಮರಳಿನ ತಟ್ಟೆಯ ಹತ್ತಿರ ಹೋದಳು. ಜಗ್ಗಿನಿಂದ ನೀರು ಹಾಕಿ ಕಲಸಿದಳು. ಆಮೇಲೆ ನನ್ನ ಕಡೆ ನೋಡದೆಯೇ, "ಕೈ" ಎಂದಳು. ಎದ್ದು ಹೋಗಿ ಬಲಗೈ ಮರಳಿನ ಮೇಲಿಟ್ಟೆ. ಅದರ ಮೇಲೆ ಮರಳು ಸುರಿದು ಮುಚ್ಚಿದಳು. ತಟ್ಟಿದಳು. ಇನ್ನಷ್ಟು ಸುರಿದು ಎರಡೂ ಅಂಗೈಯಿಂದ ಒತ್ತಿದಳು. ನನ್ನ ಬೆರಳಿನ ಗಂಟುಗಳು ಮೊದಲೇ ಊದಿರುತ್ತವೆ, ನಿನಗೆ ಗೊತ್ತಲ್ಲ.

"ನೋವಾಯ್ತಾ?" ಎಂದಳು.

"ಇಲ್ಲ ಬಂಗಾರ" ಎಂದೆ. ಬಾಯಿಗೆ ತಾನಾಗಿ ಬಂದದ್ದು ಅದು.

ಅವಳು ಮೊಣಕಾಲ ಮೇಲೆ ಎದ್ದು ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದಳು. "ನೋವಾಯ್ತಾ?"

"ಏನಾಗಿಲ್ಲ."

ಆಗ ನನ್ನ ಮುಖ ನೋಡಿದಳು, ಬಂದಾಗಿನಿಂದ ಮೊದಲ ಸಲ. ಹರೀಶನ ಕಣ್ಣು. ಪಕ್ಕದಲ್ಲಿದ್ದ ಒಂದು ಬೆಣಚುಕಲ್ಲನ್ನು ತೆಗೆದು ನನ್ನ ಕೈಯ ಮೇಲಿನ ಮರಳಿಗೆ ಇಟ್ಟು ಒತ್ತತೊಡಗಿದಳು. ಮೇಡಂ ಮುಂದಕ್ಕೆ ಬಂದರು, "ಕೀರ್ತನಾ" ಎಂದು ಶುರು ಮಾಡಿದರು. ಅವರು ರೂಲ್ಸು ಹೇಳುವುದಕ್ಕೆ ಮುಂಚೆ ಅವಳು ಮೂರನೇ ಸಲ ಕೇಳಿದಳು, "ನೋವಾಯ್ತಾ ಅಜ್ಜಿ?"

"ಆತು" ಎಂದೆ. "ನೋಯ್ತೈತೆ."

ಅವಳು ಕಲ್ಲು ತೆಗೆದಳು. ಅವಸರವಿಲ್ಲದೆ ಮರಳನ್ನು ಸರಿಸಿ ನನ್ನ ಕೈ ಹೊರಗೆ ತೆಗೆದಳು. ಒಂದೊಂದೇ ಬೆರಳಿನ ಸಂದಿಯ ಮರಳನ್ನು ತನ್ನ ಫ್ರಾಕಿನ ತುದಿಯಿಂದ ಒರೆಸಿದಳು. ಆಮೇಲೆ ಬಗ್ಗಿ, ಗಂಟುಗಳ ಮೇಲೆ ಎರಡು ಸಲ ಊದಿದಳು.

"ಇನ್ನು ಐದು ನಿಮಿಷ ಐತೆ" ಎಂದರು ಮೇಡಂ. ಅವಳು ಕೈ ತೊಳೆದುಕೊಳ್ಳಲು ಹೋದಳು. ನನಗೆ ಬೇರೇನೂ ಹೇಳಲಿಲ್ಲ. ನಾನು ಅಳಲಿಲ್ಲ, ನೀನು ಹೇಳಿದ್ದೆಯಲ್ಲ.

ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವಷ್ಟರಲ್ಲಿ ಕೈ ನೋಯತೊಡಗಿತು. ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಮೇಲಕ್ಕೆ, ರಟ್ಟೆ, ಭುಜ, ಬೆನ್ನು. ಒಂದು ಚಿಕ್ಕ ಕಲ್ಲಿನಿಂದ ಇಷ್ಟು ನೋಯುವುದಿಲ್ಲ. ಪಕ್ಕದಲ್ಲಿದ್ದ ಹೆಂಗಸು "ಯಾಕವ್ವ, ಹುಷಾರಿಲ್ವಾ?" ಎಂದಳು.

ಏನಿಲ್ಲ ಎನ್ನಲಿಲ್ಲ. "ನೋಯ್ತೈತೆ ಕಣವ್ವ" ಎಂದೆ. ಅವಳು ತನ್ನ ಚೀಲ ಎತ್ತಿಕೊಂಡು ನನಗೆ ಕೈ ಚಾಚಲು ಜಾಗ ಮಾಡಿಕೊಟ್ಟಳು. ಹೊಳಲ್ಕೆರೆ ಬರುವವರೆಗೂ ನೋಯುತ್ತಲೇ ಇತ್ತು.

ಗಂಗಕ್ಕ